ಮೇಡಂ ಸುಳ್ಳು ಹೇಳಲ್ಲ

ನಲವತ್ತೆಂಟು ಬಣ್ಣದ ಡಬ್ಬಿ ಕಂಡರೆ ನನಗೆ ಮೈ ಉರಿಯುತ್ತದೆ. ಎಸ್ಟೇಟಿನ ಮನೆಯ ಹುಡುಗಿ ಅದನ್ನು ಬೆಂಚಿನ ಮೇಲಿಟ್ಟು, ಮದುವೆಮನೆಯಲ್ಲಿ ಒಡವೆ ಪೆಟ್ಟಿಗೆ ತೆರೆದ ಹಾಗೆ ಮೆಲ್ಲಗೆ ಮುಚ್ಚಳ ತೆಗೆಯುತ್ತಾಳೆ. ಹಿಂದಿನ ಬೆಂಚಿನಲ್ಲಿ ಕೂತ, ತೋಟದ ಆಳುಗಳ ಕೂಲಿ ಲೈನಿನಿಂದ ಬರುವ ಹುಡುಗಿಯ ಹತ್ತಿರ ಮೂರೋ ನಾಲ್ಕೋ ತುಂಡುಗಳಿರುತ್ತವೆ. ಅವಳು ಆಕಾಶಕ್ಕೂ ನೀಲಿ, ಹೊಳೆಗೂ ನೀಲಿ, ಅವ್ವನ ಸೀರೆಗೂ ನೀಲಿ ತಿಕ್ಕುತ್ತಾಳೆ. ಆಮೇಲೆ ಆ ಎರಡೂ ಚಿತ್ರಗಳಿಗೆ ನಾನು ಮಾರ್ಕು ಹಾಕಬೇಕು. ಇದು ಯಾವ ಊರಿನ ನ್ಯಾಯ?

ನಾನು ಅರ್ಚನಾ. ಮೂಡಿಗೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಮಕ್ಕಳು ಹೇಳಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ, ಸುಳ್ಳೇನಲ್ಲ. ಅದರ ಜೊತೆಗೆ ಇನ್ನೊಂದು ಮಾತೂ ಚಾಲ್ತಿಯಲ್ಲಿದೆ. ಅರ್ಚನಾ ಮೇಡಂ ಚೆನ್ನಾಗಿದೆ ಅಂದರೆ ಚೆನ್ನಾಗಿದೆ ಎಂದೇ ಅರ್ಥ, ಅವರು ಮುಲಾಜಿಗೆ ಹೇಳುವವರಲ್ಲ ಎಂದು. ಹೆಡ್‌ಮಾಸ್ಟರ್ ಪರಮೇಶ್ವರಪ್ಪನವರ ಮೊಮ್ಮಗಳು ಬರೆದ ನವಿಲನ್ನು ನೋಡಿ, ‘ಈ ಕೋಳಿಗೆ ಯಾಕಿಷ್ಟು ಉದ್ದ ಬಾಲ?’ ಎಂದು ಅವರ ಎದುರಿಗೇ ಕೇಳಿದವಳು ನಾನು. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ನಾನು ಬೆಳೆದಿದ್ದು ಕುದುರೆಮುಖದಲ್ಲಿ. ಅಪ್ಪ ಅದಿರು ಕಂಪನಿಯಲ್ಲಿದ್ದರು. ಟೌನ್‌ಶಿಪ್ಪಿನ ಶಾಲೆಯಲ್ಲಿ ಬಣ್ಣ ಎಲ್ಲರಿಗೂ ಒಂದೇ ಬೀರುವಿನಿಂದ ಬರುತ್ತಿತ್ತು. ಆಫೀಸರನ ಮಗಳಿಗೂ ಡಂಪರ್ ಓಡಿಸುವವನ ಮಗಳಿಗೂ ಅದೇ ಬ್ರಶ್ಶು. ಈಗ ಆ ಊರಿನಲ್ಲಿ ಜನವಿಲ್ಲ, ಕ್ವಾರ್ಟರ್ಸಿನ ಮಾಡಿನ ಮೇಲೆ ಗಿಡ ಎದ್ದಿದೆ. ಆದರೆ ಆ ಬೀರು ನನ್ನ ತಲೆಯಲ್ಲಿ ಹಾಗೇ ನಿಂತಿದೆ. ಅದಕ್ಕೇ ಈ ಸಲ ದಸರಾ ರಜೆ ಮುಗಿದ ಮೇಲೆ ಒಂಬತ್ತನೇ ಕ್ಲಾಸಿನ ಎಲ್ಲರ ಕ್ರೇಯಾನುಗಳನ್ನೂ, ಉದ್ದದ್ದು ಗಿಡ್ಡದ್ದು ಎನ್ನದೆ, ಒಂದೇ ಬಿಸ್ಕತ್ತಿನ ಡಬ್ಬಕ್ಕೆ ಸುರಿಸಿದೆ. ಮಾರನೆಯ ವಾರವೇ ‘ಇದು ನಂದು, ಇದು ನನ್ನ ಕಂಪನಿದು’ ಎಂದು ಜಗಳ ಶುರುವಾಯಿತು. ಕಡ್ಡಿಗೆ ಸುತ್ತಿದ ಕಾಗದದ ಮೇಲೆ ಕಂಪನಿಯ ಹೆಸರಿರುತ್ತದಲ್ಲ, ಅದನ್ನು ನೋಡಿ ಗುರುತು ಹಿಡಿಯುತ್ತಿದ್ದರು. ನಾನು ಬಿಡುವವಳೇ? ಒಂದು ಶನಿವಾರ ಕೂತು ಪ್ರತಿಯೊಂದರ ಕಾಗದವನ್ನೂ ಸುಲಿದು ಹಾಕಿದೆ. ಬರೀ ಬಣ್ಣದ ಕಡ್ಡಿಗಳು ಉಳಿದವು. ‘ಈಗ ಹೇಳಿ, ಯಾವುದು ಯಾರದು?’ ಎಂದೆ. ಅಲ್ಲಿಗೆ ಜಗಳ ಮುಗಿಯಿತು.

ಬಣ್ಣದ ಹೆಸರೂ ಅದೇ ಕಾಗದದ ಮೇಲಿರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಕೆಂಪು ಕಡ್ಡಿಯನ್ನು ಕಂಡರೆ ಕೆಂಪು ಎಂದು ಗೊತ್ತಾಗುತ್ತದೆ, ಅದನ್ನು ಯಾರಾದರೂ ಓದುತ್ತಾರೆಯೇ?

ಆ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಚಿತ್ರ ಬರೆಯುವವಳು ಅಫ್ರೀನ್. ನಮ್ಮ ಶಾಲಾ ವ್ಯಾನಿನ ಡ್ರೈವರ್ ಉಬೈದನ ಮಗಳು. ಅವಳ ಗೆರೆಯಲ್ಲಿ ಅಳುಕಿಲ್ಲ. ಒಮ್ಮೆ ಎಳೆದರೆ ಮುಗಿಯಿತು, ರಬ್ಬರಿಗೆ ಕೆಲಸವಿಲ್ಲ. ಹೋದ ವರ್ಷ ತಾಲ್ಲೂಕು ಸ್ಪರ್ಧೆಯಲ್ಲಿ ಅವಳಿಗೇ ಮೊದಲ ಬಹುಮಾನ ಬಂದಿತ್ತು. ಅವಳ ಪಕ್ಕದಲ್ಲಿ ಕೂರುವವಳು ಕವನಾ, ಆ ನಲವತ್ತೆಂಟು ಬಣ್ಣದ ಡಬ್ಬಿಯ ಒಡತಿ. ಇಬ್ಬರದೂ ಗಳಸ್ಯಕಂಠಸ್ಯ. ಕವನಾ ಸದಾ ಪಿಸುಗುಡುತ್ತಲೇ ಇರುತ್ತಿದ್ದಳು, ನಾನು ಸದಾ ಗದರುತ್ತಲೇ ಇರುತ್ತಿದ್ದೆ.

ಅರೇಬಿಕಾ ಹಣ್ಣಾಗುವ ಹೊತ್ತು. ನಮ್ಮ ಶಾಲೆಯ ಹಿಂದಿನ ಬೇಲಿಯ ಸಾಲಿನಲ್ಲೂ ನಾಲ್ಕಾರು ಕಾಫಿ ಗಿಡಗಳಿವೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ‘ಒಂದು ರೆಂಬೆ ಬರೆಯಿರಿ. ಕಾಯಿ ಹಸಿರು, ದೋರೆ ಹಳದಿ, ಹಣ್ಣು ಕೆಂಪು. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ, ಕ್ಯಾಲೆಂಡರಿನಲ್ಲಿ ನೋಡಿದ್ದನ್ನಲ್ಲ’ ಎಂದೆ. ಅವತ್ತು ಕವನಾಳಿಗೆ ಜ್ವರ, ಶಾಲೆಗೆ ಬಂದಿರಲಿಲ್ಲ.

ಅಫ್ರೀನ್ ಕೊಟ್ಟ ಹಾಳೆ ನೋಡಿ ನನಗೆ ನೆತ್ತಿಗೇರಿತು. ರೆಂಬೆ ಅದೆಷ್ಟು ಜೀವಂತವಾಗಿತ್ತೆಂದರೆ ಮುಟ್ಟಿದರೆ ಇಬ್ಬನಿ ಉದುರಬೇಕು. ಆದರೆ ಎಲೆಗಳೆಲ್ಲ ಇಟ್ಟಿಗೆ ಬಣ್ಣ, ಹಣ್ಣುಗಳೆಲ್ಲ ಕಡು ಹಸಿರು, ಹಿಂದಿನ ಆಕಾಶ ನೇರಳೆ. ಡಬ್ಬ ಒಟ್ಟು ಮಾಡಿದ್ದಕ್ಕೆ ನನ್ನನ್ನು ಅಣಕಿಸುತ್ತಿದ್ದಾಳೆ ಎಂದೇ ನಾನು ತಿಳಿದೆ. ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ‘ಇದು ಯಾರ ತೋಟಮ್ಮ? ಬೆಂಕಿ ಬಿದ್ದದ್ದಾ?’ ಎಂದೆ. ಕ್ಲಾಸು ಗೊಳ್ಳೆಂದು ನಕ್ಕಿತು. ಅವಳು ಅಳಲಿಲ್ಲ. ಅಕ್ಕಪಕ್ಕದವರ ಹಾಳೆಗಳನ್ನು ಒಂದೊಂದಾಗಿ ನೋಡುತ್ತ ಹೋದಳು, ಎಲ್ಲಿ ತಪ್ಪಿದೆ ಎಂದು ಹುಡುಕುವವಳ ಹಾಗೆ. ಆ ನೋಟ ನನಗೆ ಸರಿ ಕಾಣಲಿಲ್ಲ.

ಬೆಲ್ ಆದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿಕೊಂಡೆ. ಡಬ್ಬದಿಂದ ಒಂದು ಕಡ್ಡಿ ತೆಗೆದು ಮೇಜಿನ ಮೇಲಿಟ್ಟೆ.

‘ಇದು ಯಾವ ಬಣ್ಣ?’

‘ಹಸಿರು.’

ಅದು ಕಂದು. ಇನ್ನೊಂದನ್ನಿಟ್ಟೆ. ಅದು ಅಪ್ಪಟ ಹಸಿರು.

‘ಇದು?’

ಅವಳು ಕಡ್ಡಿಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ‘ಇದೂ... ಹಸಿರಾ ಮೇಡಂ? ಅಲ್ಲ, ಕಂದು?’

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಇಷ್ಟು ವರ್ಷ ಈ ಹುಡುಗಿ ನನ್ನ ಮೂಗಿನಡಿಯಲ್ಲೇ ಬಣ್ಣವನ್ನು ಓದಿ ಓದಿ ಹಚ್ಚಿದ್ದಳು. ಎಲೆ ಎಂದರೆ ‘ಲೀಫ್ ಗ್ರೀನ್’ ಎಂದು ಬರೆದ ಕಡ್ಡಿ, ಹಣ್ಣೆಂದರೆ ‘ಕ್ರಿಮ್ಸನ್’ ಎಂದು ಬರೆದದ್ದು. ಕಾಗದ ಹರಿದ ತುಂಡಾದರೆ ಕವನಾ ಪಿಸುಗುಟ್ಟುತ್ತಿದ್ದಳು. ಕಲಾಶಿಕ್ಷಕಿಯಂತೆ ನಾನು! ಅವಳನ್ನು ಕೂರಿಸಿ ಕೇಳಿದೆ. ಕೆಂಪು, ಹಸಿರು, ಕಂದು ಮೂರೂ ಅವಳಿಗೆ ಒಂದರ ಪಕ್ಕ ಒಂದಿಟ್ಟರೂ ಅಕ್ಕತಂಗಿಯರ ಹಾಗಂತೆ. ನೇರಳೆಗೂ ನೀಲಿಗೂ ವ್ಯತ್ಯಾಸ ತಿಳಿಯುವುದಿಲ್ಲವಂತೆ.

‘ಮನೇಲಿ ಗೊತ್ತಾ?’

‘ಅಮ್ಮಿಗೆ ಗೊತ್ತು. ಅಬ್ಬಂಗೆ ಗೊತ್ತಿಲ್ಲ. ನೀವು ಹೇಳ್ಬ್ಯಾಡಿ ಮೇಡಂ.’

‘ಅವರು ಬೈತಾರಾ?’

‘ಬೈಯಲ್ಲ.’ ಅವಳು ಬೆರಳು ಬೆರಳಿಗೆ ಹೆಣೆದುಕೊಂಡಳು. ‘ಸಣ್ಣೋಳಿದ್ದಾಗ ಅಬ್ಬ ಅವಾಗವಾಗ ಅಂಗಡಿಯಿಂದ ಬಳೆ ತಂದು, ಎರಡು ಜೇಬಿಂದ ಬೇರೆ ಬೇರೆ ತೆಗೆದು ಮುಂದೆ ಇಡೋರು. ಕೆಂಪು ಯಾವ್ದು, ಹಸಿರು ಯಾವ್ದು ಹೇಳು ಅಂತ. ಅಮ್ಮಿ ಅವರ ಹಿಂದೆ ನಿಂತು ಕಣ್ಣಲ್ಲೇ ತೋರ್ಸೋರು. ನಾನು ಸರಿಯಾಗಿ ಹೇಳಿದ್ರೆ ಅಬ್ಬಂಗೆ ಎಷ್ಟು ಖುಷಿ ಆಗ್ತಿತ್ತು ಅಂದ್ರೆ, ಎತ್ಕೊಂಡು ಕುಣಿಯೋರು. ನನ್ನ ಚಿತ್ರನೆಲ್ಲ ಗೋಡೆಗೆ ಹಚ್ಚಿದಾರೆ. ಹೇಳ್ಬ್ಯಾಡಿ.’

‘ಹೇಳಲ್ಲ ಕಣೇ, ನನ್ನಾಣೆ’ ಎಂದು ಅವಳ ಕೈಮೇಲೆ ಕೈಯಿಟ್ಟೆ. ಆ ಹೊತ್ತಿಗೆ ಮನಸ್ಸಿಟ್ಟೇ ಹೇಳಿದೆ.

ಮಾರನೆಯ ದಿನ ಸ್ಟಾಫ್‌ರೂಮಿನಲ್ಲಿ ವಿಜ್ಞಾನದ ಜವರಯ್ಯನವರ ಹತ್ತಿರ ಯಾರ ಹೆಸರೂ ಎತ್ತದೆ ಬಣ್ಣಗುರುಡಿನ ವಿಷಯ ತೆಗೆದೆ. ಅವರು ಚಹಾಕ್ಕೆ ಬಿಸ್ಕತ್ತು ಅದ್ದುತ್ತ, ‘ಗಂಡುಹುಡುಗ್ರಲ್ಲಿ ಸಾಮಾನ್ಯ ಮೇಡಂ. ಹೆಣ್ಣುಮಕ್ಳಿಗೆ ಬರೋದು ಅಪರೂಪ. ಬಂತು ಅಂದ್ರೆ ಅಪ್ಪಂಗೆ ಇದ್ದೇ ಇರುತ್ತೆ ಅಂತ ತಿಳ್ಕೊಳಿ. ಅಪ್ಪಂದೊಂದು, ಅಮ್ಮನ ಕಡೆಯಿಂದೊಂದು, ಎರಡೂ ಸೇರಿದ್ರೇನೇ ಹೆಣ್ಣಿಗೆ ಬರೋದು. ಎಂತಕ್ಕೆ ಕೇಳಿದ್ರಿ?’ ಎಂದರು.

‘ಸುಮ್ನೆ. ಪೇಪರಲ್ಲಿ ಬಂದಿತ್ತು’ ಎಂದೆ. ಒಬ್ಬ ಅಪ್ಪ ತನ್ನ ಪುಟ್ಟ ಮಗಳ ಮುಂದೆ ಮತ್ತೆ ಮತ್ತೆ ಬಳೆ ಇಟ್ಟು ಯಾಕೆ ಪರೀಕ್ಷೆ ಮಾಡುತ್ತಿದ್ದ ಎಂಬುದು ಆಗ ಅರ್ಥವಾಯಿತು. ಆ ಅಪ್ಪ ದಿನಾ ಬೆಳಿಗ್ಗೆ ಕೊಟ್ಟಿಗೆಹಾರದ ಕಡೆಯಿಂದ ಮಕ್ಕಳನ್ನು ತುಂಬಿಕೊಂಡು, ಬಣಕಲ್ಲಿನಲ್ಲಿ ನನ್ನನ್ನೂ ಹತ್ತಿಸಿಕೊಂಡು, ಹೈವೇಯಲ್ಲಿ ಮೂಡಿಗೆರೆಗೆ ವ್ಯಾನ್ ತರುತ್ತಾನೆ.

ಉಬೈದನನ್ನು ಕೆಟ್ಟ ಡ್ರೈವರ್ ಎನ್ನುವವರು ಈ ಸೀಮೆಯಲ್ಲೇ ಸಿಕ್ಕಲಾರರು. ತಿರುವಿಗೊಂದು ಹಾರನ್ನು, ಹಳ್ಳಕ್ಕೊಂದು ಬ್ರೇಕು. ಮಕ್ಕಳೇ ‘ಸ್ವಲ್ಪ ಜೋರಾಗಿ ಹೋಗಿ ಉಬೈದಣ್ಣ, ಎತ್ತಿನಗಾಡಿ ಮುಂದೆ ಹೋಯ್ತು’ ಎಂದು ಗೋಳು ಹೊಯ್ದುಕೊಳ್ಳುತ್ತಿದ್ದರು. ನಾನು ಅವನ ಪಕ್ಕದ ಸೀಟಿನಲ್ಲಿ ಕೂತು ಎಷ್ಟೋ ವರ್ಷ ನೆಮ್ಮದಿಯಾಗಿ ತೂಕಡಿಸಿದ್ದೇನೆ. ಇನ್ನು ತೂಕಡಿಕೆ ಎಲ್ಲಿಯದು? ಅವನ ಕಣ್ಣು ಎಲ್ಲಿ ಹೋಗುತ್ತದೆ ಎಂದು ನನ್ನ ಕಣ್ಣು ಕಾಯತೊಡಗಿತು.

ಬಣಕಲ್ ದಾಟಿದ ಮೇಲೆ ಒಂದು ಕಡೆ ರಸ್ತೆ ಅರ್ಧ ಕುಸಿದು ರಿಪೇರಿ ನಡೆಯುತ್ತಿತ್ತು. ಉಳಿದ ಅರ್ಧದಲ್ಲಿ ಒಮ್ಮೆಗೆ ಒಂದೇ ಕಡೆಯ ಗಾಡಿಗಳನ್ನು ಬಿಡುತ್ತಿದ್ದರು. ಎರಡೂ ತುದಿಯಲ್ಲಿ ಒಬ್ಬೊಬ್ಬ ಆಳು. ಕೈಯಲ್ಲಿ ಒಂದು ಕೆಂಪು ಬಾವುಟ, ಒಂದು ಹಸಿರು ಬಾವುಟ. ನಮ್ಮ ಕಡೆ ನಿಲ್ಲುವ ಮುದುಕನಿಗೆ ಒಂದು ಅಭ್ಯಾಸವಿತ್ತು: ಕೆಂಪಾದರೆ ಬಲಗೈ ಎತ್ತುತ್ತಿದ್ದ, ಹಸಿರಾದರೆ ಎಡಗೈ. ಉಬೈದ್ ಬಾವುಟವನ್ನು ನೋಡುತ್ತಿರಲಿಲ್ಲ, ಮುದುಕನ ತೋಳನ್ನು ನೋಡುತ್ತಿದ್ದ. ಮುಂದೆ ಬೇರೆ ಗಾಡಿ ಇದ್ದರೆ ಅದರ ಹಿಂದೆಯೇ ಹೋಗುತ್ತಿದ್ದ. ನೋಡಿ ನೋಡಿ ನನಗೆ ಇದು ಖಾತ್ರಿಯಾಯಿತು. ಆದರೂ ಬಾಯಿ ಬಿಡಲಿಲ್ಲ. ಹುಡುಗಿಗೆ ಆಣೆ ಕೊಟ್ಟಿದ್ದೆನಲ್ಲ. ಜೊತೆಗೆ, ಇಷ್ಟು ವರ್ಷ ಏನೂ ಆಗಿಲ್ಲ, ಮುಂದೆಯೂ ಆಗಲಿಕ್ಕಿಲ್ಲ ಎಂದು ನನಗೆ ನಾನೇ ಜೋಗುಳ ಹಾಡಿಕೊಂಡೆ.

ಒಂದು ಬೆಳಿಗ್ಗೆ ಮಂಜು ಕವಿದಿತ್ತು, ಮುಂದೆ ಬೇರೆ ಗಾಡಿ ಇರಲಿಲ್ಲ. ಮುದುಕನ ಜಾಗದಲ್ಲಿ ಹೊಸ ಆಳೊಬ್ಬ ನಿಂತಿದ್ದ. ಅವನು ಎಡಗೈ ಎತ್ತಿದ. ಆ ಎಡಗೈಯಲ್ಲಿದ್ದದ್ದು ಕೆಂಪು ಬಾವುಟ. ಉಬೈದ್ ಗೇರು ಹಾಕಿ ವ್ಯಾನನ್ನು ಮುಂದಕ್ಕೆ ಬಿಟ್ಟ.

‘ಕೆಂಪು! ಉಬೈದ್ ಭಾಯ್, ಕೆಂಪು!’ ಎಂದು ನಾನು ಕಿರುಚಿದೆ.

ಬ್ರೇಕು ಕಚ್ಚಿ ವ್ಯಾನ್ ನಿಂತಿತು. ಹಿಂದೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಮಂಜಿನೊಳಗಿನಿಂದ ಜಲ್ಲಿ ತುಂಬಿದ ಟಿಪ್ಪರ್ ಲಾರಿ ಎದ್ದು ಬಂದು, ನಮ್ಮ ಕನ್ನಡಿಗೆ ಉಜ್ಜಿಕೊಂಡೇ ಪಾರಾಗಿ ಹೋಯಿತು. ನಮ್ಮ ಎಡಗಡೆ ಅರ್ಧ ಕುಸಿದ ರಸ್ತೆ, ಅದರ ಕೆಳಗೆ ಯಾರದೋ ತೋಟದ ಸಿಲ್ವರ್ ಓಕ್ ಮರಗಳ ತುದಿ. ಉಬೈದ್ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಮುಂದೆಯೇ ನೋಡುತ್ತಿದ್ದ. ಹಿಂದಿನ ಸೀಟಿನಿಂದ ಅಫ್ರೀನ್ ನನ್ನನ್ನು ನೋಡುತ್ತಿದ್ದಳು.

ಶಾಲೆ ಮುಟ್ಟಿ ಮಕ್ಕಳೆಲ್ಲ ಪ್ರಾರ್ಥನೆಗೆ ಹೋದ ಮೇಲೆ ನಾನು ಮೈದಾನದ ಹಿಂದಕ್ಕೆ ಹೋದೆ. ಉಬೈದ್ ಪೈಪು ಹಿಡಿದು ವ್ಯಾನಿನ ಚಕ್ರ ತೊಳೆಯುತ್ತಿದ್ದ. ಕನ್ನಡಿಯ ಕಮಾನು ಬಾಗಿತ್ತು.

‘ನೀವು ಇನ್ನು ವ್ಯಾನ್ ಓಡಿಸೋದು ಬೇಡ ಉಬೈದ್ ಭಾಯ್. ನೀವೇ ಹೋಗಿ ಹೆಡ್‌ಮಾಸ್ಟರ್‌ಗೆ ಹೇಳಿ.’

‘ಎಂಥದು ಮೇಡಂ? ಮಂಜಿತ್ತು ಅಲ್ವ.’

‘ಆ ಮಂಜಿನಲ್ಲೇ ನನಗೆ ಕಂಡಿತಲ್ಲ.’

‘ಹೊಸ ಹುಡ್ಗ ಅವ್ನು, ಬಾವುಟ ಸರಿಯಾಗಿ ಹಿಡಿಯಕ್ಕೂ ಬರಲ್ಲ.’ ಅವನು ನಗಲು ನೋಡಿದ. ‘ಇಷ್ಟು ವರ್ಷ ಈ ವ್ಯಾನಿಗೆ ಒಂದು ಗೀರು ಬಿದ್ದಿಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳಿ.’

‘ನಿಮಗೆ ಬಣ್ಣ ಕಾಣಲ್ಲ. ನನಗೆ ಗೊತ್ತು.’

ಅವನ ಮುಖ ಗಡುಸಾಯಿತು. ‘ಯಾರಂದ್ರು? ಡ್ರಾಯಿಂಗ್ ಮೇಡಂಗೆ ಡ್ರೈವಿಂಗ್ ಎಂಥ ಗೊತ್ತು ಮಾರಾಯ್ರೆ. ನಿಮ್ ಕೆಲ್ಸ ನೀವು ನೋಡ್ಕಳಿ.’

ಅಷ್ಟು ಸಾಕಾಯಿತು. ಟಿಪ್ಪರಿನ ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬಂತು. ‘ಡ್ರೈವಿಂಗ್ ಗೊತ್ತಿಲ್ಲ, ಬಣ್ಣ ಗೊತ್ತು. ನಿಮ್ಮ ಮಗಳಿಗೇ ಕೆಂಪು ಹಸಿರು ಕಾಣಲ್ಲ. ಅಪ್ಪನಿಗೆ ಇಲ್ಲದೆ ಹೆಣ್ಣುಮಗುವಿಗೆ ಅದು ಬರೋದಿಲ್ಲ. ಇನ್ನೆಂಥ ಸಾಕ್ಷಿ ಬೇಕು?’

ಪೈಪಿನ ನೀರು ಅವನ ಚಪ್ಪಲಿಯ ಮೇಲೆ ಸುರಿಯುತ್ತಲೇ ಇತ್ತು.

‘ಅಫ್ರೀನ್‌ಗಾ?’ ಎಂದ.

ನಾನು ಹೌದೆಂದು ತಲೆಯಾಡಿಸಿದೆ.

‘ಇಲ್ಲ ಮೇಡಂ. ಅವ್ಳಿಗೆ ಕಾಣುತ್ತೆ. ಅವ್ಳು ಸಣ್ಣೋಳಿದ್ದಾಗ್ಲೇ ನಾನು ನೋಡಿದೀನಿ, ಬಳೆ ಇಟ್ಟು...’ ಅವನು ಪೈಪನ್ನು ಕೆಳಗೆ ಬಿಟ್ಟ. ‘ನಮ್ಮಜ್ಜಂಗಿತ್ತು. ನಂಗೆ ಬಂತು. ಅವ್ಳಿಗೆ ಬಂದಿಲ್ಲ. ಫಸ್ಟ್ ಪ್ರೈಜ್ ಬಂದಿದೆಯಲ್ಲ ಮೇಡಂ ಅವ್ಳಿಗೆ? ನೀವೇ ಕರ್ಕೊಂಡು ಹೋಗಿದ್ದಲ್ವ? ಬಣ್ಣ ಭಾಳ ಚೆನ್ನಾಗಿ ಹಾಕ್ತಾಳೆ ಅಂತ ನೀವೇ ಅಂದಿದ್ರಿ.’

ಹೌದು, ಅಂದಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ನಲ್ಲಿ ನಿಲ್ಲಿಸಿ ಬಂದು, ವ್ಯಾನಿನ ಮೆಟ್ಟಿಲ ಮೇಲೆ ಕೂತು, ಒದ್ದೆ ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡ. ನಾನು ಪ್ರಾರ್ಥನೆಗೆ ತಡವಾಯಿತೆಂದು ಹೇಳಿ ಅಲ್ಲಿಂದ ಬಂದೆ. ತಡವಾಗಿರಲಿಲ್ಲ. ಅಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ.

ಸಂಜೆ ಅವನು ಮಕ್ಕಳನ್ನು ಮನೆಗೆ ಬಿಡಲು ಒಪ್ಪಲಿಲ್ಲ. ಪರಮೇಶ್ವರಪ್ಪನವರ ಮೇಜಿನ ಮೇಲೆ ಕೀಲಿ ಇಟ್ಟು, ಕಣ್ಣು ಸರಿಯಿಲ್ಲ ಸಾರ್, ಬೇರೆಯವರನ್ನು ನೋಡಿಕೊಳ್ಳಿ ಎಂದನಂತೆ. ‘ಕನ್ನಡಕ ಹಾಕ್ಕೊ ಮಾರಾಯ, ನಾನು ಹಾಕ್ಕೊಂಡಿಲ್ವಾ?’ ಎಂದು ಅವರು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಎರಡು ದಿನ ಬಿಟ್ಟು ಹೊಸ ಡ್ರೈವರ್ ಬಂದ. ಉಬೈದ್ ಬಣಕಲ್ಲಿನ ಪೀರ್ ಪಾಷಾನ ಗ್ಯಾರೇಜಿಗೆ ಕೆಲಸಕ್ಕೆ ಸೇರಿದ ಎಂದು ಸುದ್ದಿ ಬಂತು. ವ್ಯಾನಿನ ವಿಷಯದಲ್ಲಿ ನಾನು ಮಾಡಿದ್ದು ಸರಿ. ಇವತ್ತು ಕೇಳಿದರೂ ಹಾಗೇ ಹೇಳುತ್ತೇನೆ. ಆ ಟಿಪ್ಪರನ್ನು ನಾನು ನೋಡಿದ್ದೇನೆ.

ಆದರೆ ಅಫ್ರೀನ್ ಶಾಲೆಗೆ ಬರಲಿಲ್ಲ. ಜ್ವರದಿಂದೆದ್ದು ಬಂದಿದ್ದ ಕವನಾ ಖಾಲಿ ಜಾಗದ ಪಕ್ಕ ಒಬ್ಬಳೇ ಕೂತು, ನಾನು ಏನು ಕೇಳಿದರೂ ‘ಗೊತ್ತಿಲ್ಲ ಮೇಡಂ’ ಎನ್ನುತ್ತಿದ್ದಳು. ಮುಖ ಎತ್ತಿ ಹೇಳುತ್ತಿರಲಿಲ್ಲ. ಕ್ಲಾಸಿನಲ್ಲಿ ಯಾರೂ ಪಿಸುಗುಡುತ್ತಿರಲಿಲ್ಲ. ಇಷ್ಟು ವರ್ಷ ನಾನು ಬಯಸಿದ್ದ ಆ ನಿಶ್ಶಬ್ದ ಈಗ ಬೇಡವಾಗಿತ್ತು.

ಮುಂದಿನ ವಾರ ಒಂದು ಮಧ್ಯಾಹ್ನ ಡ್ರಾಯಿಂಗ್ ರೂಮಿನ ಬಾಗಿಲಲ್ಲಿ ಅವಳು ನಿಂತಿದ್ದಳು. ಬಸ್ಸಿನಲ್ಲಿ ಬಂದಿದ್ದಳು. ನಾನು ಎದ್ದು ಹೋದೆ. ಅವಳೇ ಮೊದಲು ಮಾತಾಡಿದಳು.

‘ವ್ಯಾನ್ ಬಿಡಿಸಿದ್ದಕ್ಕೆ ನಂಗೆ ಬೇಜಾರಿಲ್ಲ ಮೇಡಂ. ಅವತ್ತು ನಾನೂ ಒಳಗಿದ್ದೆ. ಬಾವುಟ ಕಾಣ್ಲಿಲ್ಲ ಅಂತ ಹೇಳಿದ್ರೆ ಸಾಕಿತ್ತು. ನನ್ನ ವಿಷಯ ಯಾಕೆ ಹೇಳಿದ್ರಿ?’

ಯಾಕೆ ಹೇಳಿದೆ? ಅವನು ನನಗೆ ಎದುರುತ್ತರ ಕೊಟ್ಟನೆಂದು. ಅಷ್ಟೇ.

‘ಅಬ್ಬ ನನ್ನ ಮುಖ ನೋಡಲ್ಲ ಈಗ’ ಎಂದಳು. ‘ಸಿಟ್ಟಲ್ಲ. ಅವ್ರೇ ಎಂಥದೋ ತಪ್ಪು ಮಾಡ್ದಂಗೆ, ನಾನು ಬಂದ್ರೆ ತಲೆ ತಗ್ಗಿಸ್ತಾರೆ. ರಾತ್ರಿ ಊಟಕ್ಕೆ ಕೂತ್ರೆ ಎದ್ದು ಹೋಗ್ತಾರೆ. ನಂಗೆ ಕಾಣುತ್ತೆ ಅಬ್ಬ, ಮೇಡಂ ಸುಳ್ಳು ಹೇಳಿದ್ದು ಅಂದೆ. ಮೇಡಂ ಸುಳ್ಳು ಹೇಳಲ್ಲ ಅಂದ್ರು. ಅಮ್ಮಿ ಹೇಳಿದ್ರೂ ನಂಬಲ್ಲ. ಪರೀಕ್ಷೆ ಮಾಡಕ್ಕೆ ಅವ್ರಿಗೇ ಕಾಣಲ್ವಲ್ಲ. ನೀವು ಬಂದು ಹೇಳಿ ಮೇಡಂ. ನಂಗೆ ಏನೂ ಇಲ್ಲ ಅಂತ ಹೇಳಿ.’

‘ಸುಳ್ಳು ಹೇಳು ಅಂತೀಯಾ?’

‘ಹೌದು.’

‘ಅಫ್ರೀನ್, ಅದು ಕಾಯಿಲೆ ಅಲ್ಲ, ಅವಮಾನ ಅಲ್ಲ. ನಿಮ್ಮಪ್ಪನಿಗೆ ನಿಧಾನಕ್ಕೆ ತಿಳಿಸಿ ಹೇಳಿದರೆ...’

‘ನಂಗೆ ಒಂದು ಸಲ ಆಣೆ ಮಾಡಿ ತಪ್ಪಿದ್ರಲ್ಲ’ ಎಂದಳು. ದನಿ ಎತ್ತರಿಸದೆ ಹೇಳಿದಳು. ‘ಅದಕ್ಕಿಂತ ಇದು ದೊಡ್ಡದಾ?’

ನನ್ನ ಮೂವತ್ತು ವರ್ಷಗಳ ಮೇಷ್ಟ್ರಗಿರಿಯಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನ ಬಾಯಿ ಹೀಗೆ ಮುಚ್ಚಿಸಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳ ಜೊತೆಗೇ ಬಣಕಲ್ ಬಸ್ಸು ಹತ್ತಿದೆ.

ಅವರ ಮನೆ ಹೈವೇಯಿಂದ ಸ್ವಲ್ಪ ಒಳಗೆ, ಮಸೀದಿಯ ಹಿಂದಿನ ಗಲ್ಲಿ. ಉಬೈದ್ ಗ್ಯಾರೇಜಿನಿಂದ ಆಗತಾನೆ ಬಂದು ಕೈ ತೊಳೆದಿದ್ದ. ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ನನ್ನನ್ನು ಕಂಡು ಗಡಬಡಿಸಿ ಎದ್ದು ಕುರ್ಚಿಯನ್ನು ಟವೆಲಿನಿಂದ ಒರೆಸಿದ. ಅವನ ಹೆಂಡತಿ ಜೊಹರಾ ಬಾಗಿಲಿಗೆ ಬಂದು ನನ್ನನ್ನು ನೋಡಿದರು. ಆ ನೋಟದಲ್ಲಿ ಬನ್ನಿ ಎನ್ನುವುದಕ್ಕಿಂತ ಇನ್ನೇನು ಹೇಳಲು ಬಂದಿರಿ ಎನ್ನುವುದೇ ಹೆಚ್ಚಿತ್ತು. ಗೋಡೆಯ ಮೇಲೆ ಗಮ್‌ಟೇಪಿನ ಗುರುತುಗಳಷ್ಟೇ ಇದ್ದವು, ಚಿತ್ರಗಳಿರಲಿಲ್ಲ.

ಕೂತೆ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

‘ಉಬೈದ್ ಭಾಯ್, ಅವತ್ತು ಮಗುವಿನ ವಿಷಯ ನಾನು ಹೇಳಿದ್ದು ಸುಳ್ಳು’ ಎಂದೆ. ‘ನೀವು ಒಪ್ಪಿಕೊಳ್ಳಲಿ ಅಂತ ಸಿಟ್ಟಿನಲ್ಲಿ ಹೇಳಿದೆ. ನಿಮ್ಮ ಕಣ್ಣಿನ ವಿಷಯ ನನಗೆ ವ್ಯಾನಿನಲ್ಲಿ ಕೂತೇ ಗೊತ್ತಾಯಿತು. ಅವಳಿಗೆ ಏನೂ ಇಲ್ಲ.’

ಅವನು ನನ್ನನ್ನೇ ನೋಡಿದ. ನಂಬಬೇಕೆಂಬ ಆಸೆ ಮುಖದ ತುಂಬ ಇತ್ತು, ಆದರೆ ಅವನು ಮೂರ್ಖನಲ್ಲ.

‘ವ್ಯಾನಿಗೆ ನಾನು ವಾಪಸ್ ಹೋಗಲ್ಲ ಮೇಡಂ. ಅದು ಮುಗೀತು. ಆ ಮಕ್ಳು ಬಿದ್ದಿದ್ದ ಸದ್ದು ಇನ್ನೂ ಕಿವೀಲಿದೆ. ಅದಕ್ಕೋಸ್ಕರ ನೀವು ಸಮಾಧಾನ ಹೇಳದು ಬ್ಯಾಡ.’

‘ಸಮಾಧಾನ ಹೇಳಕ್ಕೆ ನಾನು ಯಾರ ಮನೆಗೂ ಹೋದವಳಲ್ಲ.’

‘ಹಂಗಾದ್ರೆ ನನ್ನ ಮುಂದೆನೇ ಒಂದು ಸಲ ಕೇಳಿ ಅವ್ಳನ್ನ’ ಎಂದ. ಜೊಹರಾ ಬಾಗಿಲ ಹತ್ತಿರ ಅಫ್ರೀನಳ ಎದುರಿಗೇ ನಿಂತಿದ್ದರು. ಉಬೈದ್ ಅವರ ಕಡೆ ತಿರುಗಿ, ‘ನೀನು ಒಳಗೆ ಹೋಗಿ ಚಾ ಮಾಡು’ ಎಂದ. ದನಿ ಮೆತ್ತಗಿತ್ತು. ಬಳೆಯ ಆಟ ಅವನಿಗೆ ಈಗ ಅರ್ಥವಾಗಿತ್ತು. ಜೊಹರಾ ಒಂದು ಗಳಿಗೆ ನಿಂತು, ಒಳಗೆ ಹೋದರು. ಅವನು ಸುತ್ತ ನೋಡಿ, ಮನೆಯ ಯಾವ ವಸ್ತುವೂ ಬೇಡವೆನಿಸಿ, ‘ಮೇಡಂ ಉಟ್ಟಿರೋ ಸೀರೆ ಯಾವ ಬಣ್ಣ? ಹೇಳು’ ಎಂದು ಮಗಳನ್ನು ಕೇಳಿದ.

ನಾನು ಅವತ್ತು ಉಟ್ಟಿದ್ದು ಕಡು ಹಸಿರು ಸೀರೆ.

ಅಫ್ರೀನ್ ಸೀರೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಕಣ್ಣಿನಲ್ಲಿ ಏನು ತೋರಿಸಲಿ? ಬಳೆಯಾದರೆ ಎರಡಿರುತ್ತವೆ, ಇದೋ ಅದೋ ಎಂದು ತೋರಿಸಬಹುದು. ಉಬೈದ್ ನನ್ನ ಮುಖದ ಮೇಲಿಟ್ಟ ದೃಷ್ಟಿ ಕದಲಿಸಲಿಲ್ಲ.

‘ಮರೂನ್’ ಎಂದಳು.

ಅವನು ಕಾದ. ಚಾಕ್‌ಪೀಸು ಹಿಡಿದ ದಿನದಿಂದ ನಾನು ಮಕ್ಕಳಿಗೆ ಹೇಳಿಕೊಂಡು ಬಂದದ್ದು ಒಂದೇ ಮಾತು, ಕಣ್ಣಿಗೆ ಕಂಡದ್ದನ್ನು ಹೇಳಿ ಎಂದು.

‘ಸರಿ. ಮರೂನೇ’ ಎಂದೆ. ‘ಎಷ್ಟೋ ಜನ ಕೆಂಪು ಅಂತಾರೆ. ಇವಳು ಸರಿಯಾಗಿ ಹೇಳಿದಳು.’

ಉಬೈದನ ಉಸಿರು ಒಮ್ಮೆಲೇ ಹೊರಗೆ ಬಂತು. ಎರಡು ಕೈಯಿಂದಲೂ ಮುಖ ಉಜ್ಜಿಕೊಂಡು, ‘ಅಲ್ಲಾ... ನಂಗೊಬ್ಬಂಗೇ. ನಂಗೊಬ್ಬಂಗೇ ಸಾಕು’ ಎಂದ. ಮಗಳನ್ನು ಹತ್ತಿರ ಎಳೆದು ತಲೆಯ ಮೇಲೆ ಕೈಯಿಟ್ಟ. ಅವಳು ಅವನ ಅಂಗಿಯಲ್ಲಿ ಮುಖ ಮುಚ್ಚಿಕೊಂಡಳು. ಸಂತೋಷಕ್ಕೆ ಅಳುತ್ತಿದ್ದಾಳೆಂದು ಅವನು ಬೆನ್ನು ತಟ್ಟುತ್ತ ನಗತೊಡಗಿದ. ಚಹಾದ ತಟ್ಟೆ ಹಿಡಿದು ಹೊರಗೆ ಬಂದಿದ್ದ ಜೊಹರಾ ನನ್ನ ಸೀರೆಯನ್ನು ಅಂಚಿನಿಂದ ಸೆರಗಿನ ತನಕ ನೋಡಿ, ನನ್ನ ಮುಂದೆ ಲೋಟ ಇಟ್ಟರು.

‘ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕಬ್ಯಾಡಿ ಮೇಡಂ’ ಎಂದ ಉಬೈದ್, ಕಣ್ಣೊರೆಸಿಕೊಂಡು. ‘ನಿಮ್ಗೆ ಮರೂನ್ ಭಾಳ ಒಪ್ಪುತ್ತೆ.’

‘ಹೌದು ಉಬೈದ್ ಭಾಯ್’ ಎಂದೆ. ‘ಎಲ್ಲರೂ ಹಾಗೇ ಹೇಳ್ತಾರೆ.’